ನೆತ್ತಿ ಕೂಡಿದ ಮೇಲೆ

ಮಂಡ್ಯದ ದೊಡ್ಡಾಸ್ಪತ್ರೆಯಿಂದ ರಾತ್ರಿ ಹೊತ್ತು ಕರೆ ಬಂತೆಂದರೆ
ಯಾರದೋ ತಲೆ ಬೋಳಿಸಬೇಕು ಎಂದೇ ಅರ್ಥ.
ಹರಕೆಯದಲ್ಲ. ಸೂತಕದ್ದೂ ಅಲ್ಲ, ಇನ್ನೂ.

ಹೊಸ ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸುತ್ತೇನೆ.
ನರ್ಸಮ್ಮ ಬೆರಳಲ್ಲಿ ಗೀರಿ ತೋರಿಸುತ್ತಾರೆ:
ಇಲ್ಲಿಂದ, ಇಲ್ಲಿವರೆಗೆ.

ಮೂವತ್ತು ವರ್ಷದಲ್ಲಿ ಎಷ್ಟು ಕೂಸುಗಳ ಮೊದಲ ಮುಡಿ ತೆಗೆದಿದ್ದೇನೆ.
ಸೋದರಮಾವನ ತೊಡೆಯ ಮೇಲೆ ಕೂತು
ಊರೆಲ್ಲ ಕೇಳುವಂತೆ ಅರಚುತ್ತವೆ;
ಒಬ್ಬರು ಗಿಲಕಿ ಆಡಿಸಬೇಕು, ಒಬ್ಬರು ಕಾಲು ಹಿಡಿಯಬೇಕು,
ಬೋಳಾದ ಮೇಲೆ ಗಂಧ ಮೆತ್ತಿ ಎಲ್ಲರೂ ನಗಬೇಕು.
ಈ ಮೇಜಿನ ಮೇಲಿನವರು ಅಳುವುದಿಲ್ಲ.
ತಲೆ ಹೇಗೆ ತಿರುಗಿಸಿದರೆ ಹಾಗೆ.

ಹೋದ ಕಾರ್ತಿಕದಲ್ಲಿ ಬಂದವನು ಲಿಖಿತ, ಏಳು ವರ್ಷ,
ಕೆರಗೋಡಿನ ಕಡೆಯವನು.
ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನೊಂದಿಗೆ ವಾಪಸು,
ಅಪ್ಪನ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ.
ಕಬ್ಬಿನ ಗಾಡಿಯಿಂದ ಜಾರಿದ ಒಂದೇ ಒಂದು ಜಲ್ಲೆ
ದಾರಿಗಡ್ಡ ಮಲಗಿತ್ತಂತೆ. ವೇಗವೇನೂ ಇರಲಿಲ್ಲ.
ಹೆಲ್ಮೆಟ್ಟು ಇತ್ತು, ಕನ್ನಡಿಗೆ ನೇತುಹಾಕಿದ್ದು,
ಅದರೊಳಗೆ ಪೇಪರಿನಲ್ಲಿ ಸುತ್ತಿದ ಆರು ಮೊಟ್ಟೆ.
ಒಡೆದದ್ದು ಒಂದೇ.

"ಇಲ್ಲೇ ಹೋಗಿದ್ದೊ ಕನಣ್ಣ," ಅವರಪ್ಪ ನನ್ನ ತೋಳು ಹಿಡಿದ,
ಡಾಕ್ಟರಿಗೆ ಹೇಳಬೇಕಾದ್ದನ್ನು ನನಗೆ ಹೇಳಿದ,
"ಇಲ್ಲೇ, ಡೇರಿ ಗಂಟ."
ದೂರ ಹೊರಟವರನ್ನು ಈ ಮೇಜಿನ ಮೇಲೆ ನಾನು ಹೆಚ್ಚು ಕಂಡಿಲ್ಲ.
ಬಂದವರೆಲ್ಲ ಇಲ್ಲೇ ಹೊರಟವರು:
ಇಲ್ಲೇ ಟ್ಯೂಷನ್ನಿಗೆ, ಇಲ್ಲೇ ನಾಮಕರಣಕ್ಕೆ,
ಇಲ್ಲೇ ಐಸ್‌ಕ್ರೀಮಿಗೆ.

ಕೂದಲು ತೆಗೆಯುತ್ತ ಹೋದೆ. ಹರಳೆಣ್ಣೆಯ ವಾಸನೆ.
ಬೆಳಿಗ್ಗೆಯಷ್ಟೇ ಯಾರೋ ತಟ್ಟಿದ್ದಾರೆ.
ನಮ್ಮ ಕಡೆ ಕೂಸು ಹುಟ್ಟಿದರೆ
ಅಜ್ಜಿಯರಿಗೆಲ್ಲ ನೆತ್ತಿಯದೇ ಚಿಂತೆ,
ಎಣ್ಣೆ ಒತ್ತಬೇಕು, ಗಾಳಿ ಸೋಕಬಾರದು,
ತೊಟ್ಟಿಲಿಂದ ಜಗುಲಿಗೆ ತರುವುದಕ್ಕೂ ಕುಲಾವಿ,
ಅದರ ದಾರ ಗದ್ದದ ಕೆಳಗೆ ಗಂಟು.
ಬೆರಳಿಟ್ಟರೆ ಪುಟಪುಟ ಮಿಡಿಯುವ ಆ ಜಾಗ
ಒಂದು ದಿನ ಗಟ್ಟಿಯಾಗುತ್ತದೆ.
"ನೆತ್ತಿ ಕೂಡ್ತು" ಎನ್ನುತ್ತಾರೆ,
ಕುಲಾವಿ ಮಡಿಸಿ ಟ್ರಂಕಿಗೆ ಹಾಕುತ್ತಾರೆ,
ಕೂಸನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸುತ್ತಾರೆ.

ನಾನೂ ಕೂರಿಸಿದವನೇ. ಬೇರೆಯವರ ಮಾತೇಕೆ.

ಮಾರನೆಯ ದಿನ ನೂರಡಿ ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದೆ.
"ಮಕ್ಕಳದ್ದಾ? ಅದನ್ನ ಯಾರ್ ಕೇಳ್ತಾರೆ ಸಾ,
ದೊಡ್ಡದೇ ತಕ್ಕೊಳಿ, ಬೆಳೀತದಲ್ಲ ಮಗ."
ತಲೆ ಅಂಗಿಯಲ್ಲ, ಬೆಳೆಯಲಿ ಎಂದು ದೊಡ್ಡದು ಹೊಲಿಸಲು.
ಐದನೆಯವನ ಅಟ್ಟದಲ್ಲಿ ಧೂಳು ಹಿಡಿದ ಒಂದು ಸಿಕ್ಕಿತು, ಹಳದಿ.
ಮೊಮ್ಮಗಳು ಇಂಚರ ಕನ್ನಡಿ ಮುಂದೆ ನಿಂತು
"ಕುಂಬಳಕಾಯಿ ಥರ ಕಾಣ್ತೀನಿ" ಎಂದು ಕಿತ್ತೆಸೆದಳು.
ಎರಡು ಜುಟ್ಟು ಮೇಲೆತ್ತಿ ಕಟ್ಟಿದ್ದರು, ಅದಕ್ಕೇ ಕೂರುತ್ತಿರಲಿಲ್ಲ.
ಬಿಚ್ಚಿ, ಕತ್ತಿನ ಹತ್ತಿರ ಒಂದೇ ಜಡೆ ಹೆಣೆದೆ.
ಗಂಡಸರ ಕ್ಷೌರ ಮಾಡಿದ ಕೈಗೆ ಜಡೆ ಬರುವುದಿಲ್ಲ;
ಮೂರು ಸಲ ತಪ್ಪಿತು.
ಕೊಂಡಿ ಟಿಕ್ ಎಂದಿತು. ಗದ್ದಕ್ಕೂ ಪಟ್ಟಿಗೂ ನಡುವೆ
ನನ್ನ ಒಂದು ಬೆರಳು ಹೋಗುವಷ್ಟು ಜಾಗ.

ಯುಗಾದಿ ಮುಗಿದ ಮೇಲೆ ಲಿಖಿತ ಅಂಗಡಿಗೆ ಬಂದ.
ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದೆ.
ಕೂದಲು ಬಂದಿದೆ, ಕಿವಿಯ ಮೇಲಿನ ಗೆರೆಯೊಂದನ್ನು ಬಿಟ್ಟು.
ಅಲ್ಲಿ ಇನ್ನು ಬರುವುದಿಲ್ಲ,
ನಾಲೆ ಏರಿಯ ಹುಲ್ಲಿನ ನಡುವೆ ಕಾಲುದಾರಿಯ ಹಾಗೆ.
"ಕಾಣ್ದಂಗೆ ಬಾಚ್ಬುಡಿ," ಎಂದ ಅವರಪ್ಪ.
ಹುಡುಗ ನನ್ನ ಕೈ ನೋಡಿದ. ಬೆರಳು ಮಾಡಿದ.
"ಅದು... ಅದು..."
ಹೆಸರು ಹುಡುಕುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ.
ಹೇಳಿಕೊಡಲು ಅಪ್ಪ ಬಾಯಿ ತೆರೆದ, ನಾನು ತಡೆದೆ.
ಬಾಚಣಿಗೆ ಎತ್ತಿ ಹಿಡಿದು ನಿಂತೇ ಇದ್ದೆ.
ಬೆಂಚಿನ ಮೇಲಿದ್ದವರು ಪೇಪರು ಮಡಿಸಿ ಕಾದರು.